ಪಾಸ್‌ವರ್ಡ್ ಮೇಡಂ ಇಟ್ಟ ಹೆಸರು

ಮಕ್ಕಳು ಅವರಿಗೆ ಪಾಸ್‌ವರ್ಡ್ ಮೇಡಂ ಎಂದು ಹೆಸರಿಟ್ಟಿದ್ದರು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಮೇಡಂಗೆ ಅದು ಗೊತ್ತಿತ್ತು, ಗೊತ್ತಾದ ದಿನ ಒಳಗೊಳಗೇ ಖುಷಿಯೂ ಆಗಿತ್ತು. ಇಡೀ ಶಾಲೆಯಲ್ಲಿ ತನ್ನ ಅಡ್ಡಹೆಸರು ಕೇಳಿ ಬೀಗಿದವರು ಅವರೊಬ್ಬರೇ ಇರಬೇಕು. ಡ್ರಿಲ್ ಮೇಷ್ಟ್ರನ್ನು ಪೀಪಿ ಎಂದೂ ಲೆಕ್ಕದ ಮೇಷ್ಟ್ರನ್ನು ಶೇಷ ಸೊನ್ನೆ ಎಂದೂ ಕರೆಯುವ ಈ ಕಿಡಿಗೇಡಿಗಳು ತನಗೆ ಮಾತ್ರ ಇಷ್ಟು ಘನವಾದ ಹೆಸರು ಕೊಟ್ಟಿದ್ದಾರಲ್ಲ ಎಂಬ ಹೆಮ್ಮೆ ಅವರದು.

ನಿಜ ಹೇಳಬೇಕೆಂದರೆ ಅವರು ಆ ಶಾಲೆಗೆ ಬಂದದ್ದು ವಿಜ್ಞಾನ ಕಲಿಸಲಿಕ್ಕೆ. ತರಗತಿಗಳಿಗೆ ಗೋಡೆಯಗಲದ ಸ್ಮಾರ್ಟ್ ಬೋರ್ಡುಗಳು ಬಂದ ದಿನ ಉಳಿದ ಶಿಕ್ಷಕರೆಲ್ಲ ಹೊಸ ಸೊಸೆಯನ್ನು ನೋಡುವ ಹಾಗೆ ದೂರ ನಿಂತು ನೋಡುತ್ತಿದ್ದಾಗ ಇವರು ಹೋಗಿ ಪ್ಲಗ್ ಸಿಕ್ಕಿಸಿಬಿಟ್ಟರು. ಮಾಡಿದ ತಪ್ಪು ಅಷ್ಟೇ. ಅಂದಿನಿಂದ ಕಂಪ್ಯೂಟರ್ ಕೋಣೆಯ ಬೀಗದಕೈ ಇವರ ಸೊಂಟಕ್ಕೆ ಬಂತು. ಪ್ರಿಂಟರ್ ಕಾಗದ ನುಂಗಿದರೆ ಇವರು, ಹೆಡ್ ಮೇಡಂ ತಮ್ಮ ಪಾಸ್‌ವರ್ಡ್ ಮರೆತರೆ ಇವರು, ಯಾರದೋ ಮೊಬೈಲಿನಲ್ಲಿ ಫೋಟೊ ಮಾಯವಾದರೂ ಇವರೇ. ಆಮೇಲೆ 'ಇಂಟರ್‌ನೆಟ್ಟಿನಲ್ಲಿ ಒಳ್ಳೆಯ ನಡತೆ' ಎಂಬ ಹೊಸ ಪಾಠವೊಂದು ಬಂದಾಗ ಅದನ್ನು ಯಾರು ತೆಗೆದುಕೊಳ್ಳಬೇಕು ಎಂದು ಯಾರೂ ಕೇಳಲೇ ಇಲ್ಲ. ಎಲ್ಲರೂ ಇವರ ಮುಖ ನೋಡಿದರು.

ಅವರೂ ಏನು ಕಡಿಮೆಯವರಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಹೆಂಗಸು. ಸ್ಟಾಫ್ ರೂಮಿನಲ್ಲಿ ಅವರು ಕೂತು ಟೀ ಕುಡಿದದ್ದನ್ನು ಕಂಡವರಿಲ್ಲ. ಲೋಟ ಒಂದು ಮೇಜಿನ ಮೇಲೆ ಆರುತ್ತಿರುತ್ತಿತ್ತು, ಮೇಡಂ ಇನ್ನೊಂದು ಮಹಡಿಯಲ್ಲಿ ವೈರು ಎಳೆಯುತ್ತಿರುತ್ತಿದ್ದರು. ಮನೆಯಲ್ಲೂ ಅದೇ ಕಥೆ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಎಲ್ಲ ಕೆಲಸವನ್ನೂ ನಿಧಾನವಾಗಿ, ಸ್ಕ್ರೂ ಬಿಗಿ ಮಾಡಿದ ಹಾಗೆ ಮಾಡುವ ಮನುಷ್ಯ. "ನೀನು ನಿದ್ದೇಲೂ ನಡೀತೀಯ ಕಣೇ" ಎಂದು ಅವನು ರೇಗಿಸುತ್ತಿದ್ದ. ತರಗತಿಯಲ್ಲಿ ಮಾತ್ರ ಆ ಚುರುಕುತನ ಮಕ್ಕಳಿಗೆ ಬಹಳ ಹಿಡಿಸುತ್ತಿತ್ತು. ಅಪರಿಚಿತರಿಗೆ ಫೋಟೊ ಕಳಿಸಬೇಡಿ, ಕೋಪ ಬಂದಾಗ ಏನೂ ಬರೆಯಬೇಡಿ, ಬರೆದ ಮೇಲೆ ಒಂದು ಸಲ ಜೋರಾಗಿ ಓದಿಕೊಳ್ಳಿ, ಎದುರಿಗೆ ಹೇಳಲಾಗದ ಮಾತನ್ನು ಬೆನ್ನ ಹಿಂದೆ ಟೈಪ್ ಮಾಡಬೇಡಿ. ಇದನ್ನೆಲ್ಲ ಅವರು ನಾಟಕ ಆಡಿದ ಹಾಗೆ ಆಡಿ ತೋರಿಸುತ್ತಿದ್ದರು. ಮಕ್ಕಳು ನಕ್ಕು ನಕ್ಕು ಕಲಿಯುತ್ತಿದ್ದರು.

ಶಿಕ್ಷಕರಿಗೂ ಅವರು ಒಂದು ಪಾಠ ಮಾಡಿದ್ದರು, ಮತ್ತು ಎಲ್ಲ ಎಡವಟ್ಟಿನ ಬೇರು ಇರುವುದು ಅಲ್ಲೇ. ಶಾಲೆಯ ಶಿಕ್ಷಕರಿಗೆಂದೇ ಮೊಬೈಲಿನಲ್ಲಿ ಒಂದು ಗ್ರೂಪ್ ಇತ್ತು, ಹೆಡ್ ಮೇಡಂ ಮಾತ್ರ ಅದರಲ್ಲಿ ಇರಲಿಲ್ಲ. ರಜೆ, ಮೀಟಿಂಗು, ಪರೀಕ್ಷೆ, ಜೊತೆಗೆ ಮಕ್ಕಳ ಮೇಲಿನ ದೂರು, ಎಲ್ಲ ಅಲ್ಲಿಗೇ ಬರುತ್ತಿತ್ತು. ಒಮ್ಮೆ ಯಾರೋ ಒಬ್ಬ ಹುಡುಗನ ಮನೆಯ ಜಗಳವನ್ನು ಹೆಸರು ಸಮೇತ ಬರೆದರು. ಸಂಗೀತದ ಮೇಡಂ ಅವರ ಮಗ ತಾಯಿಯ ಮೊಬೈಲಿನಲ್ಲಿ ಅದನ್ನು ಓದಿದ. ಮಾರನೆಯ ದಿನ ಆಟದ ಮೈದಾನದಲ್ಲೆಲ್ಲ ಅದೇ ಸುದ್ದಿ. ಪಾಸ್‌ವರ್ಡ್ ಮೇಡಂ ಕೆಂಡವಾದರು. ಇನ್ನು ಮುಂದೆ ಗ್ರೂಪಿನಲ್ಲಿ ಯಾವ ಮಗುವಿನ ಹೆಸರನ್ನೂ ಬರೆಯಕೂಡದು ಎಂದು ನಿಯಮ ಮಾಡಿಸಿದರು. ಹೆಡ್ ಮೇಡಂ ಭೇಷ್ ಅಂದರು, ಎಲ್ಲರೂ ಒಪ್ಪಿದರು.

ಒಪ್ಪಿದ ಮೇಲೆ ತೊಂದರೆ ಶುರುವಾಯಿತು. ಹೆಸರಿಲ್ಲದೆ ಮಗುವಿನ ಬಗ್ಗೆ ಮಾತಾಡುವುದು ಹೇಗೆ? ಮೊದಮೊದಲು 'ಕಿಟಕಿ ಪಕ್ಕದವನು', 'ಎರಡು ಜಡೆಯವಳು' ಎಂದು ಬರೆದುಕೊಂಡರು. ಆಮೇಲೆ ಅದೇ ಒಂದು ಆಟವಾಯಿತು. ಸದಾ ತೂಕಡಿಸುವವನು 'ಲೋ ಬ್ಯಾಟರಿ' ಆದ, ಬಾಯಿ ಬಿಡದವಳು 'ಸೈಲೆಂಟ್ ಮೋಡ್' ಆದಳು. ಹೊಸ ಹೆಸರು ಬಂದಾಗಲೆಲ್ಲ ನಗುವ ಮುಖಗಳ ಸಾಲು. ಯಾರ ಗುಟ್ಟನ್ನು ಕಾಪಾಡಲು ನಿಯಮ ಮಾಡಿದ್ದೆವೋ ಅವರನ್ನೇ ಆಡಿಕೊಳ್ಳಲು ಅದು ಪರವಾನಗಿಯಾಯಿತು ಎಂಬುದು ಒಬ್ಬರ ತಲೆಗೂ ಹೋಗಲಿಲ್ಲ. ಹೆಸರು ಬರೆದಿಲ್ಲವಲ್ಲ, ಇನ್ನೇನು!

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಓದಿನಲ್ಲಿ ಚುರುಕು, ಕೈಬರಹ ಮುದ್ದು. ಆದರೆ ಮಾತು ನಡುವೆ ಸಿಕ್ಕಿಕೊಳ್ಳುತ್ತಿತ್ತು. ಯಾವುದೋ ಒಂದು ಅಕ್ಷರದ ಹತ್ತಿರ ಬಂದು ನಿಂತರೆ ನಿಂತೇಬಿಟ್ಟಳು, ಕುತ್ತಿಗೆಯ ನರ ಉಬ್ಬುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಬೋರ್ಡಿನ ಮೇಲಿನ ವಿಡಿಯೊ ನೆಟ್ ಸಿಗದೆ ನಿಂತು, ಮಧ್ಯದಲ್ಲಿ ಬಫರಿಂಗ್ ಚಕ್ರ ತಿರುಗತೊಡಗಿತು. ಅಲ್ಲಿಯ ತನಕ ಸುಮ್ಮನಿರುವ ಜಾಯಮಾನ ಮೇಡಂ ಅವರದಲ್ಲ. "ಅಷ್ಟರೊಳಗೆ ನೀನು ಪಾಠ ಓದಮ್ಮ" ಎಂದು ಆ ಹುಡುಗಿಯನ್ನು ಎಬ್ಬಿಸಿದರು. ಅವಳೂ ಪಾಠದ ಮೊದಲ ಸಾಲಿನಲ್ಲೇ ಸಿಕ್ಕಿಕೊಂಡು ನಿಂತಳು. ಅತ್ತ ಚಕ್ರ, ಇತ್ತ ಹುಡುಗಿ. ಮೇಡಂ ತರಗತಿಯಲ್ಲಿ ನಗಲಿಲ್ಲ, ಅಷ್ಟು ಮರ್ಯಾದೆ ಇತ್ತು. ಹೊರಗೆ ಬಂದು, ಕಾರಿಡಾರಿನಲ್ಲಿ ನಡೆಯುತ್ತಲೇ ಗ್ರೂಪಿಗೆ ಬರೆದರು: "ಇವತ್ತು ನನ್ನ ಕ್ಲಾಸಲ್ಲಿ ಎರಡೆರಡು ಬಫರಿಂಗ್!"

ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತು. ಹುಡುಗಿಗೆ ಬಫರಿಂಗ್ ಎಂಬ ಹೆಸರು ನಿಂತಿತು.

ಮುಂದಿನ ವಾರದ ಶನಿವಾರ ಶಾಲೆಯ ಸಭಾಂಗಣದಲ್ಲಿ ತಂದೆತಾಯಿಯರ ಮುಂದೆ ಒಂದು ಕಾರ್ಯಕ್ರಮವಿತ್ತು. ಮೇಡಂ ಅವರದೇ ಏರ್ಪಾಟು. ಒಂದೊಂದು ತರಗತಿಯಿಂದ ಒಬ್ಬರು ನಿಂತು, ಮೊಬೈಲು ಇಂಟರ್‌ನೆಟ್ಟುಗಳಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಮಾತಾಡಬೇಕು. ಎಂಟನೆಯ ತರಗತಿಯಿಂದ ಯಾರು ಎಂದು ಕೇಳಿದಾಗ ಮೊದಲು ಕೈ ಎತ್ತಿದ್ದು ಆ ಹುಡುಗಿ. ಮೇಡಂ ಬೇಡ ಅನ್ನಲು ಬಾಯಿ ಬರದೆ, ಹೂಂ ಎಂದು ಹೆಸರು ಬರೆದುಕೊಂಡರು.

ಹೆಸರು ಬರೆದುಕೊಂಡ ಮರುದಿನ ಅದೇ ತರಗತಿಯಲ್ಲಿ ಪಾಠ. ಮೇಡಂ ತಮ್ಮ ಮೊಬೈಲನ್ನು ದೊಡ್ಡ ಬೋರ್ಡಿಗೆ ಜೋಡಿಸಿದ್ದರು. ಮೊಬೈಲಿನಲ್ಲಿ ಕಾಣುವುದೆಲ್ಲ ಬೋರ್ಡಿನಲ್ಲಿ ಮಂಚದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅಂದಿನ ಪಾಠ ಏನು ಗೊತ್ತೇ? ನಮಗೆ ಬಂದ ಮೆಸೇಜು ಪಕ್ಕದವರ ಕಣ್ಣಿಗೆ ಬೀಳದ ಹಾಗೆ ಮರೆಮಾಡುವುದು ಹೇಗೆ! "ಇಲ್ಲಿ ಒತ್ತಿ, ಇಲ್ಲಿ ಬನ್ನಿ, ಈಗ ಇದನ್ನ ಆಫ್ ಮಾಡಿ..." ಎನ್ನುತ್ತಿದ್ದ ಹಾಗೇ ಮೇಲಿಂದ ಒಂದು ಪಟ್ಟಿ ಜಾರಿಬಂತು. ಲೆಕ್ಕದ ಮೇಷ್ಟ್ರ ಮೆಸೇಜು.

"ಶನಿವಾರ ಎಂಟನೇ ಕ್ಲಾಸಿಂದ ಬಫರಿಂಗ್ ಮಾತಾಡ್ತಾಳಂತೆ. ಎಲ್ಲರೂ ಎರಡು ಹೊತ್ತಿನ ಬುತ್ತಿ ಕಟ್ಟಿಕೊಂಡು ಬನ್ನಿ!"

ಅದನ್ನು ಪಕ್ಕಕ್ಕೆ ಸರಿಸಲು ಹೋದ ಮೇಡಂ ಅವರ ಬೆರಳು ಅವಸರದಲ್ಲಿ ಅದರ ಮೇಲೇ ಒತ್ತಿತು. ಪಟ್ಟಿ ಹೋಗಿ ಇಡೀ ಗ್ರೂಪೇ ಬಿಚ್ಚಿಕೊಂಡಿತು. ಅದರ ಕೆಳಗೆ ಒಂದರ ಹಿಂದೊಂದು ನಗುವ ಮುಖಗಳು, ಕಣ್ಣಲ್ಲಿ ನೀರು ಬರುವಷ್ಟು ನಗುವ ಮುಖಗಳು, ಒಂದೊಂದೂ ತಟ್ಟೆಯಷ್ಟು ದೊಡ್ಡವು, ಮಕ್ಕಳ ಕಣ್ಣೆದುರೇ ಬಂದು ಬೀಳತೊಡಗಿದವು. ಮೇಡಂ ಕೇಬಲ್ ಕಿತ್ತು ಎಸೆದರು. ಬೋರ್ಡು ನೀಲಿಯಾಯಿತು.

ಎಂಟನೆಯ ತರಗತಿಯಿಂದ ಮಾತಾಡುವವಳು ಒಬ್ಬಳೇ. ಅರ್ಥ ಮಾಡಿಕೊಳ್ಳಲು ಯಾವ ಮಗುವಿಗೂ ಕಷ್ಟವಾಗಲಿಲ್ಲ. ಇಡೀ ತರಗತಿ ಒಮ್ಮೆಗೇ ಅವಳ ಕಡೆ ತಿರುಗಿತು. ಹುಡುಗಿ ಅಳಲಿಲ್ಲ. ಪುಸ್ತಕ ಮುಚ್ಚಿದಳು, ಪೆನ್ನಿಗೆ ಮುಚ್ಚಳ ಹಾಕಿದಳು, ಬೆಲ್ ಹೊಡೆಯುವ ತನಕ ಆ ನೀಲಿ ಬೋರ್ಡನ್ನೇ ನೋಡುತ್ತ ಕೂತಳು. ಮರುದಿನದಿಂದ ಶಾಲೆಗೆ ಬರಲಿಲ್ಲ.

ಆಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖವೂ ಸಪ್ಪಗಾಗಿತ್ತು. ಹೆಡ್ ಮೇಡಂ ಬಾಗಿಲು ಹಾಕಿಸಿ, ಗ್ರೂಪನ್ನು ಮುಚ್ಚಿಸಿ, ಲೆಕ್ಕದ ಮೇಷ್ಟ್ರಿಗೆ ಚೆನ್ನಾಗಿ ಉಗಿದರು. "ನೀವು ಆ ಹುಡುಗಿ ಹತ್ರ ಕ್ಷಮೆ ಕೇಳ್ಬೇಕು. ಬರೆದೋರು ನೀವು. ಮೇಡಂದೇನು ತಪ್ಪಿದೆ, ಪಾಪ, ಅವರು ಪಾಠ ಮಾಡ್ತಾ ಇದ್ರು" ಎಂದರು. ಮೇಷ್ಟ್ರು ತಲೆ ತಗ್ಗಿಸಿ ಹೂಂ ಅಂದರು. ಹೊರಗೆ ಬಂದ ಮೇಲೆ ಮೇಷ್ಟ್ರು ಮೆಟ್ಟಿಲ ಹತ್ತಿರ ಪಾಸ್‌ವರ್ಡ್ ಮೇಡಂ ಅವರನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು: "ಹೆಸರು ಯಾರು ಇಟ್ಟಿದ್ದು ಅಂತ ನಾನು ಬಾಯಿ ಬಿಡಲ್ಲ ಬಿಡಿ ಮೇಡಂ. ನೀವೇನೂ ತಲೆ ಕೆಡಿಸ್ಕೋಬೇಡಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅಲ್ಲಿಂದ ಮೇಡಂಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊದಲೂ ಓಡಾಡುವವರೇ, ಆದರೆ ಆಗ ಎಲ್ಲಿಗೋ ಹೋಗುವುದಿರುತ್ತಿತ್ತು. ಈಗ ಹೋಗುವುದು, ಯಾಕೆ ಬಂದೆ ಎಂದು ಮರೆಯುವುದು, ವಾಪಸು ಬರುವುದು. ಮೊಬೈಲ್ ತೆಗೆದು ಹಳೆಯ ಮೆಸೇಜುಗಳಲ್ಲಿ ಆ ಹೆಸರನ್ನು ಹುಡುಕಿದರು. ಒಂದೊಂದಾಗಿ ಹಿಂದಕ್ಕೆ ಹೋದರು. ಎಲ್ಲಕ್ಕಿಂತ ಮೊದಲಿನದು ಅವರದೇ. ಅಳಿಸಲು ನೋಡಿದರು, ಕಾಲ ಮೀರಿದೆ, ನಿಮ್ಮ ಮೊಬೈಲಿನಿಂದ ಮಾತ್ರ ಅಳಿಸಬಹುದು ಎಂದಿತು ಅದು. ಅಳಿಸಿದರು. ಅಳಿಸಿದ ಮೇಲೆ, ತನಗೊಬ್ಬಳಿಗೆ ಮಾತ್ರ ಕಾಣದ ಹಾಗಾಯಿತಲ್ಲ, ಇದೆಂಥ ನ್ಯಾಯ ಎಂದು ಇನ್ನಷ್ಟು ಸಂಕಟವಾಯಿತು. ತಲೆನೋವಿನ ಮಾತ್ರೆ ನುಂಗಿದರು, ನೀರು ಕುಡಿಯಲು ಮರೆತರು.

ಮನೆಯಲ್ಲಿ ಅಲಮಾರಿಯ ಬಟ್ಟೆಯನ್ನೆಲ್ಲ ಕೆಳಗೆ ಹಾಕಿ ಮತ್ತೆ ಮಡಿಸುತ್ತಿದ್ದ ಹೆಂಡತಿಯನ್ನು ನೋಡಿ ಗಂಡ ಬಾಗಿಲಲ್ಲೇ ನಿಂತ.

"ಏನೇ ಇದು, ಮನೆ ಖಾಲಿ ಮಾಡ್ತಾ ಇದೀವಾ?"

"ಸುಮ್ನಿರ‍್ರೀ. ನಾನು ಹೇಳಿದ್ನಲ್ಲ, ಆ ಹುಡುಗಿ ಇವತ್ತೂ ಬರ್ಲಿಲ್ಲ."

"ಲಿಫ್ಟು ಮಧ್ಯದಲ್ಲಿ ನಿಂತ್ರೆ ಒಳಗಿರೋರು ಹೀಗೇ ಮಾಡೋದು. ಇರೋ ಬಟನ್ನೆಲ್ಲ ಒತ್ತೋದು."

"ಎಲ್ಲದಕ್ಕೂ ನಿಮ್ಮ ಲಿಫ್ಟೇ ಆಗ್ಬೇಕು ನೋಡಿ. ಏನ್ ಮಾಡ್ಲಿ ಅದನ್ನ ಹೇಳಿ ಅಂದ್ರೆ..."

"ನೀನು ಏನ್ ಮಾಡ್ಬೇಕು ಅಂತ ನಿಂಗೇ ಗೊತ್ತು. ಅದಕ್ಕೇ ಬಟ್ಟೆ ಮಡಿಸ್ತಾ ಇದೀಯ" ಎಂದು ಅವನು ಕೈ ತೊಳೆಯಲು ಹೋದ. ಮೇಡಂಗೆ ಅವನ ಮೇಲೆ ಕೆಟ್ಟ ಕೋಪ ಬಂತು, ಯಾಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಅವರು ಹುಡುಗಿಯ ಮನೆ ಹುಡುಕಿಕೊಂಡು ಹೊರಟರು. ಕಿರಿದಾದ ಬೀದಿ, ಕೆಳಗೆ ಬೀಗ ರಿಪೇರಿಯ ಅಂಗಡಿ, ಪಕ್ಕದಲ್ಲೇ ಕಡಿದಾದ ಮೆಟ್ಟಿಲು. ಮೇಲಿನ ಮನೆಯ ಮುಂದಿನ ಕೋಣೆ ಪೂರ್ತಿ ಪರದೆ ಬಟ್ಟೆ. ಹುಡುಗಿಯ ತಾಯಿ ಕಿಟಕಿ ಪರದೆಗಳನ್ನು ಹೊಲಿದುಕೊಡುವವರು. ಹಸಿರು ಬಟ್ಟೆಯ ರಾಶಿಯೊಂದು ಹೊಲಿಗೆ ಯಂತ್ರದಿಂದ ಇಳಿದು ನೆಲದ ಮೇಲೆ ಹರಡಿತ್ತು. ಹುಡುಗಿ ಅದರ ಇನ್ನೊಂದು ತುದಿ ಹಿಡಿದು ಕೂತಿದ್ದಳು. ಮೇಡಂ ಅವರನ್ನು ಕಂಡದ್ದೇ ಅವಳ ಕೈ ನಿಂತಿತು.

ತಾಯಿ ಗಡಬಡಿಸಿ ಎದ್ದರು, ಕುರ್ಚಿಯ ಮೇಲಿನ ಬಟ್ಟೆ ತೆಗೆದು ಜಾಗ ಮಾಡಿಕೊಟ್ಟರು. ಬಾಯಿ ತೆರೆದರು.

"ಬ... ಬ... ಬ..."

ಅದೇ ಕುತ್ತಿಗೆಯ ನರ. ಅದೇ ಮುಚ್ಚಿದ ಕಣ್ಣು. ಮಗಳಿಗಿಂತ ಹೆಚ್ಚು. ಇಷ್ಟು ವರ್ಷ ಪಾಲಕರ ಸಭೆಗೆ ಈ ತಾಯಿ ಯಾಕೆ ಬಂದದ್ದಿಲ್ಲ, ಶಾಲೆಯಿಂದ ಫೋನ್ ಮಾಡಿದರೆ ಪ್ರತಿ ಸಲವೂ ಹುಡುಗಿಯೇ ಯಾಕೆ ಎತ್ತುತ್ತಿದ್ದಳು ಎಂದು ಆಗ ಮೇಡಂಗೆ ಗೊತ್ತಾಯಿತು.

"ಬನ್ನಿ, ಬನ್ನಿ ಅಂತೀರಾ? ಬಂದೆ, ಬಂದೆ" ಎಂದು ಮೇಡಂ ಅವಸರದಲ್ಲಿ ಹೇಳಿಬಿಟ್ಟರು. ತಾಯಿ ನಕ್ಕು ತಲೆಯಾಡಿಸಿದರು. ಹುಡುಗಿ ನಗಲಿಲ್ಲ.

ತಾಯಿಗೆ ಏನೂ ಗೊತ್ತಿರಲಿಲ್ಲ. ಮಗಳು ಹೊಟ್ಟೆನೋವು ಎಂದು ಮನೆಯಲ್ಲಿ ಉಳಿದಿದ್ದಳು. ಈಗ ಟೀಚರೇ ಮನೆಗೆ ಬಂದರೆಂದರೆ ಮಗಳು ಏನೋ ಎಡವಟ್ಟು ಮಾಡಿರಬೇಕು ಎಂಬ ಹೆದರಿಕೆ ಅವರ ಮುಖದಲ್ಲಿ ಕಾಣುತ್ತಿತ್ತು. "ಏ... ಏನು ತ... ತ..." ಎಂದು ನಿಂತರು.

"ತಪ್ಪಾ? ಇಲ್ಲಮ್ಮ, ಅವಳೇನೂ ತಪ್ಪು ಮಾಡಿಲ್ಲ" ಎಂದರು ಮೇಡಂ. ಮತ್ತೆ ತಾವೇ ಮಾತು ಪೂರ್ತಿ ಮಾಡಿದ್ದು ಅವರಿಗೆ ಹೇಳಿದ ಮೇಲೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡರು. ತಾಯಿ ಒಳಗೆ ನೀರು ತರಲು ಹೋದಾಗ ಮೇಡಂ ಹುಡುಗಿಯ ಮುಖ ನೋಡಲಾರದೆ ಪರದೆಯ ಅಂಚಿನ ನೂಲನ್ನು ನೋಡುತ್ತ ಕೂತರು. ತಾಯಿಗೆ ಎಲ್ಲವನ್ನೂ ಹೇಳಿಬಿಡಬೇಕು ಎಂದೇ ಅವರು ಬಂದದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ನೀರು ಕುಡಿದರು, ಆ ಮಾತು ಒಂದೂ ಬರಲಿಲ್ಲ. ಹುಡುಗಿಗೆ ಹುಷಾರಾದ ಮೇಲೆ ಕಳಿಸಿಕೊಡಿ ಎಂದು ಎದ್ದರು.

ಹುಡುಗಿ ಮೆಟ್ಟಿಲ ತನಕ ಬಂದಳು. ಅರ್ಧ ಇಳಿದ ಮೇಲೆ, ಮೇಲಿನ ಬಾಗಿಲಿಗೆ ಕೇಳಿಸದಷ್ಟು ದೂರ ಬಂದ ಮೇಲೆ ನಿಂತಳು.

"ಆ ಹೆ... ಹೆಸರು ಯಾರು ಇಟ್ಟಿದ್ದು?"

ಲೆಕ್ಕದ ಮೇಷ್ಟ್ರು ಎಂದರೆ ಮುಗಿಯುತ್ತಿತ್ತು. ಅವರು ಬಾಯಿ ಬಿಡುವುದಿಲ್ಲ ಎಂದು ಮಾತೂ ಕೊಟ್ಟಿದ್ದರು. ಕೆಳಗಿನ ಅಂಗಡಿಯಲ್ಲಿ ಯಾರೋ ಅರದಿಂದ ಬೀಗದಕೈ ಉಜ್ಜುತ್ತಿದ್ದ ಸದ್ದು ಮೇಡಂ ಅವರ ಹಲ್ಲಿನ ತನಕ ಬರುತ್ತಿತ್ತು.

"ನಾನು" ಎಂದರು. "ನಾನೇ ಇಟ್ಟಿದ್ದು. ಕ್ಲಾಸಿಂದ ಹೊರಗೆ ಬಂದು ತಮಾಷೆಗೆ ಅಂತ ಬರೆದೆ. ಬೇರೆಯವರೆಲ್ಲ ನನ್ನ ನೋಡಿ ಕರೆದಿದ್ದು."

ಹುಡುಗಿ ಕಂಬಿ ಹಿಡಿದುಕೊಂಡಳು. ಅವಳಿಗೆ ಇದು ಗೊತ್ತಿರಲಿಲ್ಲ ಎಂಬುದು ಅವಳ ಮುಖದಲ್ಲೇ ಕಂಡಿತು. ಬೇರೆ ಯಾರಾದರೂ ಆಗಿರಲಿ ಎಂದು ಅವಳು ಬಯಸಿದ್ದಳು ಎಂಬುದೂ ಕಂಡಿತು.

"ಕ್ಲಾಸಲ್ಲಿ ಹೇಳ್ತೀರಾ?"

"ಹೇಳ್ತೀನಿ. ನಿಮ್ಮಮ್ಮಂಗೂ ಈಗ್ಲೇ ಮೇಲೆ ಬಂದು..."

"ಬೇಡ!" ಆ ಮಾತು ಎಲ್ಲೂ ತಡೆಯದೆ ಬಂತು. "ಅಮ್ಮಂಗೆ ಬೇಡ. ಯಾ... ಯಾವತ್ತೂ ಬೇಡ. ಅಮ್ಮ ತನ್ನಿಂದ್ಲೇ ನಂಗೆ ಹೀ... ಹೀಗಾಯ್ತು ಅಂದ್ಕೋತಾರೆ. ಈಗ್ಲೇ ಅಂದ್ಕೋತಾರೆ."

ಮೇಡಂ ಹೂಂ ಎಂದು ಮಾತು ಕೊಟ್ಟರು. ಬೀದಿಗೆ ಇಳಿದ ಮೇಲೆ ಬಸ್ಸು ಹತ್ತಲಿಲ್ಲ, ಮನೆಯ ತನಕ ನಡೆದೇ ಹೋದರು. ದಾರಿಯಲ್ಲಿ ಅಳು ಬಂತು, ಬಂದದ್ದನ್ನು ತಡೆಯಲೂ ಹೋಗಲಿಲ್ಲ.

ಮರುದಿನ ಹುಡುಗಿ ಬಂದಳು, ತನ್ನ ಜಾಗದಲ್ಲಿ ಕೂತಳು. ಮೇಡಂ ಬೋರ್ಡ್ ಹಾಕಲಿಲ್ಲ, ಮೊಬೈಲನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಬಂದಿದ್ದರು. ಬರಿಗೈಯಲ್ಲಿ ನಿಂತಾಗ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ. ಹಿಂದೆ ಕಟ್ಟಿಕೊಂಡರು, ಮುಂದೆ ತಂದರು, ಕೊನೆಗೆ ಮೇಜಿನ ಅಂಚನ್ನು ಹಿಡಿದರು.

"ಅವತ್ತು ಬೋರ್ಡ್ ಮೇಲೆ ನೀವು ಓದಿದ ಹೆಸರು ನಾನು ಇಟ್ಟಿದ್ದು" ಎಂದರು. "ನಿಮಗೆ ಪಾಠ ಹೇಳೋಳು ನಾನೇ, ಹಾಗೆ ಬರೆದೋಳೂ ನಾನೇ. ಅದು ಕೆಟ್ಟ ಕೆಲಸ. ಯಾರಿಗೂ ಗೊತ್ತಾಗಲ್ಲ ಅಂತ ಅಂದ್ಕೊಂಡಿದ್ದೆ. ಗೊತ್ತಾಗ್ದೆ ಇದ್ದಿದ್ರೂ ಅದು ಕೆಟ್ಟ ಕೆಲಸಾನೇ."

ಮಕ್ಕಳಿಗೆ ದೊಡ್ಡವರು ಹೀಗೆ ನಿಲ್ಲುವುದನ್ನು ನೋಡಿ ರೂಢಿ ಇರುವುದಿಲ್ಲ, ಎಲ್ಲಿ ನೋಡಬೇಕೆಂದೇ ಗೊತ್ತಾಗುವುದಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ಸದಾ ತೂಕಡಿಸುವ ಹುಡುಗ.

"ಮೇಡಂ, ಹಾಗಾದ್ರೆ ನಮಗೂ ಇಟ್ಟಿದೀರಾ? ನನ್ನ ಹೆಸರೇನು?"

"ಕೂತ್ಕೋಳೋ. ಬೇಡ."

"ಹೇಳಿ ಮೇಡಂ, ಏನಾಗಲ್ಲ."

ಸುಳ್ಳು ಹೇಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. "ಲೋ ಬ್ಯಾಟರಿ" ಎಂದರು. ತರಗತಿ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ನಗುತ್ತ ನಗುತ್ತಲೇ ಅವನ ನಗು ಕಡಿಮೆಯಾಯಿತು, ಕಿವಿ ಕೆಂಪಾಯಿತು, ಕೂತುಕೊಂಡ. ಅದನ್ನು ನೋಡಿ ಉಳಿದವರ ನಗುವೂ ನಿಂತಿತು. ಆಮೇಲೆ ಯಾರೂ ತಮ್ಮ ಹೆಸರು ಕೇಳಲಿಲ್ಲ. ಆದರೆ ತಮಗೂ ಒಂದು ಇದೆ ಎಂದು ಈಗ ಎಲ್ಲರಿಗೂ ಗೊತ್ತಾಗಿತ್ತು.

ಆಗ ಹುಡುಗಿ ಎದ್ದು ನಿಂತಳು.

"ನಾ... ನಾ... ನಾ..."

ಕಣ್ಣು ಮುಚ್ಚಿಕೊಂಡಳು. ಮೇಡಂ ಕಾಯುತ್ತಿದ್ದರು. ಕಾಯುವುದು ಅವರಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಬೆರಳುಗಳು ಮೇಜಿನ ಅಂಚನ್ನು ಕುಟ್ಟುತ್ತಿದ್ದವು. ಒಳಗಿನ ಆಸೆ ತಡೆಯಲಾರದೆ ಹೊರಗೆ ಬಂತು.

"ನಾನು ಕ್ಷಮಿಸಿದೀನಿ ಅಂತಾನಾ ಮರಿ?"

ಹುಡುಗಿ ಕಣ್ಣು ಬಿಟ್ಟು ಅಲ್ಲ ಎಂದು ತಲೆಯಾಡಿಸಿದಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಈ ಸಲ ಯಾರೂ ನಡುವೆ ಬಾಯಿ ಹಾಕಲಿಲ್ಲ.

"ನಾ... ನಾನು ಶನಿವಾರ ಮಾತಾಡ್ತೀನಿ. ನೀ... ನೀವು ಅಲ್ಲಿ ಇರ್ಬಾರ್ದು."

ಕೂತುಕೊಂಡಳು. ಮೇಡಂ "ಆಯ್ತಮ್ಮ" ಎಂದರು.

ಕಾರ್ಯಕ್ರಮವನ್ನು ಲೆಕ್ಕದ ಮೇಷ್ಟ್ರಿಗೆ ಒಪ್ಪಿಸಿದರು. ಹೆಡ್ ಮೇಡಂ ಹುಬ್ಬು ಗಂಟಿಕ್ಕಿ, "ನಿಮ್ಮದೇ ಪ್ರೋಗ್ರಾಂ, ನೀವೇ ಇಲ್ಲ ಅಂದ್ರೆ ಹೇಗೆ?" ಎಂದರು. ಹೆಸರು ಇಟ್ಟವಳು ನಾನೇ ಎಂದು ಅವರಿಗೂ ಹೇಳಿದ್ದಾಯಿತು. ಹೆಡ್ ಮೇಡಂ ಕಾರ್ಯಕ್ರಮದ ಪಟ್ಟಿಯಲ್ಲಿ ಅವರ ಹೆಸರು ಹೊಡೆದು ಮೇಷ್ಟ್ರ ಹೆಸರು ಬರೆದರು. ಕ್ಷಮೆ ಕೇಳಿದ ಲೆಕ್ಕದ ಮೇಷ್ಟ್ರಿಗೆ ಹುಡುಗಿ "ಆಯ್ತು ಸರ್" ಎಂದಿದ್ದಳಂತೆ. ಅವರಿಗೆ ಅಲ್ಲಿರಬೇಡಿ ಎಂದಿರಲಿಲ್ಲ. ಮೇಡಂಗೆ ಇದರಲ್ಲಿ ಹೊಟ್ಟೆಕಿಚ್ಚು ಪಡುವುದೇನಿದೆ ಎಂದು ನೀವು ಕೇಳಬಹುದು. ಪಟ್ಟರು, ಅಷ್ಟೇ. ಇಷ್ಟವಿಲ್ಲದ ಮೇಷ್ಟ್ರು ಏನಂದರೂ ಮಕ್ಕಳು ಕೊಡವಿಕೊಂಡು ಹೋಗುತ್ತಾರೆ. ಇಷ್ಟವಿದ್ದವರು ಅಂದದ್ದೇ ಕಷ್ಟ.

ಶನಿವಾರ ಅವರು ಮನೆಯಲ್ಲಿ ಇರಲಾರದೆ ಹೊರಗೆ ಬಿದ್ದರು. ಶಾಲೆಯ ದಿಕ್ಕಿಗೆ ಬೆನ್ನು ಹಾಕಿ ನಡೆದರು. ಕಾಲು ಮಾತ್ರ ಮಾತು ಕೇಳದೆ ಯಾವುದೋ ಅಡ್ಡಬೀದಿಯಿಂದ ಮತ್ತೆ ಅತ್ತಲೇ ತಂದು ನಿಲ್ಲಿಸಿತು. ಮೈಕಿನ ಸದ್ದು ಅಸ್ಪಷ್ಟವಾಗಿ ಕೇಳುತ್ತಿತ್ತು, ಚಪ್ಪಾಳೆ ಬರುತ್ತಿತ್ತು, ನಿಲ್ಲುತ್ತಿತ್ತು. ಏಳನೆಯ ತರಗತಿಯವನ ಕೀಚಲು ದನಿ ಇರಬೇಕು ಎಂದುಕೊಂಡರು. ಹಾಗಾದರೆ ಮುಂದಿನವಳು ಅವಳೇ. ಬರಬೇಡಿ ಅಂದವಳು ಕೇಳಬೇಡಿ ಎಂದೇನೂ ಅಂದಿಲ್ಲವಲ್ಲ ಎಂದು ಮನಸ್ಸು ವಕೀಲಿ ಮಾಡಿತು. ಆ ವಕೀಲಿಗೆ ಅವರಿಗೇ ನಾಚಿಕೆಯಾಯಿತು. ತಿರುಗಿ ಬಿರಬಿರನೆ ನಡೆದರು. ಸದ್ದು ಕೇಳಿಸದ ಜಾಗ ಬಂದರೂ ನಿಲ್ಲಲಿಲ್ಲ, ಇನ್ನೂ ಒಂದು ಬೀದಿ ಮುಂದಕ್ಕೆ ಹೋದರು. ಅಲ್ಲೊಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಬಂದ ಬಸ್ಸುಗಳನ್ನೆಲ್ಲ ಬಿಟ್ಟರು. ಪಕ್ಕದಲ್ಲಿ ಕೂತ ಮುದುಕಿ "ಯಾವ ಬಸ್ಸಮ್ಮ ನಿಂದು?" ಎಂದು ಕೇಳಿದ್ದೇ ತಡ, ಎದ್ದು ಮನೆಗೆ ಬಂದರು.

ಮಧ್ಯಾಹ್ನ ಮೊಬೈಲು ಸದ್ದು ಮಾಡಿತು. ಲೆಕ್ಕದ ಮೇಷ್ಟ್ರು ವಿಡಿಯೊ ಕಳಿಸಿದ್ದರು. ಸಣ್ಣ ಚೌಕದಲ್ಲಿ ಹುಡುಗಿ ಮೈಕಿನ ಮುಂದೆ ನಿಂತಿದ್ದಳು, ಕಣ್ಣು ಮುಚ್ಚಿದ್ದಳು. ನಡುವೆ ಒತ್ತುವ ಗುರುತು.

ಮೇಡಂ ಅದನ್ನು ಒತ್ತಲಿಲ್ಲ. "ಮಗುವನ್ನ ಕೇಳಿ ತೆಗೆದಿರಾ?" ಎಂದು ಬರೆದರು.

"ಅವರಮ್ಮನೇ ಬೇಕು ಅಂತ ತೆಗೆಸಿದ್ದು ಮೇಡಂ. ಹುಡುಗಿನೂ ಹೂಂ ಅಂದ್ಲು. ನೋಡಿ, ನೋಡಿ" ಎಂದು ಅವರು ಬರೆದರು.

ಮೇಡಂ ಮೊಬೈಲನ್ನು ಮಗುಚಿಟ್ಟರು. ಎದ್ದು ಪಾತ್ರೆ ತೊಳೆದರು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು. ಬಂದು ಮೊಬೈಲನ್ನು ನೋಡಿದರು. ಚೆನ್ನಾಗಿ ಮಾತಾಡಿದಳೇ? ಎಲ್ಲಿ ನಿಂತಳು? ಯಾರಾದರೂ ನಕ್ಕರೇ? ಏನು ಹೇಳಿದಳು? ಒಂದು ಬೆರಳು ಒತ್ತಿದರೆ ಎಲ್ಲ ಗೊತ್ತಾಗುತ್ತಿತ್ತು, ಒತ್ತಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಚೌಕವನ್ನು ಅಳಿಸಿದರು. ಗಂಡ ಬಂದು "ಹೇಗಾಯ್ತಂತೆ?" ಎಂದು ಕೇಳಿದ. "ಗೊತ್ತಿಲ್ಲರೀ" ಎಂದರು. ಈ ಸಲ ಅವನು ಲಿಫ್ಟಿನ ಮಾತು ತೆಗೆಯಲಿಲ್ಲ.

ಸಂಜೆಯ ಹೊತ್ತಿಗೆ ಫೋನ್ ಬಂತು. ಹುಡುಗಿಯ ಮನೆಯ ನಂಬರು. ಮೇಡಂ ಎರಡೂ ಕೈಯಲ್ಲಿ ಹಿಡಿದು "ಹಲೋ" ಎಂದರು. ಆ ಕಡೆ ಉಸಿರು ಮಾತ್ರ ಕೇಳಿತು. ಬಹಳ ಹೊತ್ತಾದರೂ ಮಾತು ಬರಲಿಲ್ಲ. ಮಗಳಲ್ಲ, ತಾಯಿ. ಯಾವತ್ತೂ ಯಾರಿಗೂ ತಾವಾಗಿ ಫೋನ್ ಮಾಡದ ಆ ತಾಯಿ. ಮೇಡಂ ಬಾಯಿಗೆ ಬಂದ ಮಾತನ್ನು ನುಂಗಿಕೊಂಡರು, ಅಡುಗೆಮನೆಯ ಗೋಡೆಗೆ ಒರಗಿ ಕಾದರು.

"ಮೇ... ಮೇಡಂ. ಮಗಳು ಚೆ... ಚೆನ್ನಾಗಿ ಮಾತಾಡಿದ್ಲು. ಎ... ಎಲ್ಲರೂ ಕಾದ್ರು. ಯಾರೂ ನ... ನಗ್ಲಿಲ್ಲ. ನಾ... ನಾನೂ ಬಂದಿದ್ದೆ. ಮು... ಮುಂದೆ ಕೂತಿದ್ದೆ."

"ಹೌದಾ" ಎಂದರು ಮೇಡಂ.

"ನೀ... ನೀವು ಮನೆಗೆ ಬಂದು ಧೈ... ಧೈರ್ಯ ಹೇಳಿದ್ರಲ್ಲ, ಅ... ಅದಕ್ಕೇ ಅವಳು ಮಾ... ಮಾತಾಡಿದ್ದು. ನಿ... ನಿಮ್ಮಿಂದ್ಲೇ. ನಾನು ಎ... ಎಲ್ಲ ಕಡೆ ಹುಡುಕಿದೆ. ನೀ... ನೀವ್ಯಾಕೆ ಬರ್ಲಿಲ್ಲ ಮೇಡಂ?"

ಮೇಡಂ ಬಾಯಿ ತೆರೆದರು. ಮೈಗೆ ಹುಷಾರಿರಲಿಲ್ಲ ಎನ್ನಬಹುದು. ಬೇರೆ ಕೆಲಸವಿತ್ತು ಎನ್ನಬಹುದು. ಈ ಹೆಂಗಸಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ, ಮಗಳಿಗೆ ಕೊಟ್ಟ ಮಾತು ಮೀರಿ ನಿಜ ಹೇಳುವಂತಿರಲಿಲ್ಲ. "ನಾ..." ಎಂದರು. ಅಲ್ಲೇ ನಿಂತರು. ಮತ್ತೆ "ನಾ..." ಎಂದರು.

ಆ ಕಡೆಯ ತಾಯಿ ಒಂದಿಷ್ಟೂ ಗಾಬರಿಯಾಗಲಿಲ್ಲ.

"ಪ... ಪರ್ವಾಗಿಲ್ಲ ಮೇಡಂ" ಎಂದರು. "ನಿ... ನಿಧಾನ ಹೇಳಿ. ನಾ... ನಾನು ಕಾಯ್ತೀನಿ."